ಕಾಫಿ ಮೂಟೆಯಲ್ಲಿ ಕಳಸದ ಕಲ್ಲು

ನಮ್ಮ ದಿನಸಿ ಅಂಗಡಿಗೆ ಮೂರು ದಿನ ಬೀಗ ಹಾಕಿ ಹೊರಡುವುದೆಂದರೆ ನಮ್ಮ ಮನೆಯಲ್ಲಿ ಅದು ಪರದೇಶ ಪ್ರಯಾಣ. ಚಿಕ್ಕಮಗಳೂರಿನ ಪೇಟೆಯಲ್ಲಿ ಹುಟ್ಟಿ, ಅಕ್ಕಿ ಬೇಳೆ ಮೂಟೆಗಳ ನಡುವೆಯೇ ತಲೆಗೂದಲು ನೆರೆಸಿಕೊಂಡ ನನ್ನ ಹತ್ತಿರ ಪಾಸ್‌ಪೋರ್ಟ್ ಇಲ್ಲ, ಅದು ಬೇಕೆಂದು ಅನ್ನಿಸಿಯೂ ಇಲ್ಲ. ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ ಷಟರ್ ಎಳೆಯುತ್ತಿದ್ದಾಗ ಎದುರಿನ ಬಟ್ಟೆ ಅಂಗಡಿಯವರು ಎಲ್ಲಿಗೆ ಎಂದು ಕೇಳಿದರು. ಕಳಸಕ್ಕೆ ಎಂದೆ. ದೇವಸ್ಥಾನಕ್ಕಾ ಎಂದರು. ಇಲ್ಲ, ಕಲ್ಲು ನೋಡುವುದಕ್ಕೆ ಎಂದೆ. ಅವರು ನನ್ನ ಮುಖ ನೋಡಿ, ಬಿಪಿ ಮಾತ್ರೆ ಇಟ್ಕೊಂಡಿದ್ದೀರಲ್ಲ ಎಂದು ಕೇಳಿದರು.

ಕಲ್ಲಿನ ಹುಚ್ಚು ನನ್ನದಲ್ಲ, ಮಗಳು ಚೇತನಾಳದ್ದು. ಅವಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಭೂವಿಜ್ಞಾನ ಓದುತ್ತಿದ್ದಾಳೆ. ಊರಿನ ಸುತ್ತಮುತ್ತಲ ಕಲ್ಲುಗಳನ್ನು ತಂದು, ನಂಬರು ಹಾಕಿ, ಅವುಗಳ ಚರಿತ್ರೆ ಬರೆದು ಒಪ್ಪಿಸಬೇಕು ಎಂದು ಅವಳ ಕಾಲೇಜಿನಲ್ಲಿ ಹೇಳಿದ್ದರು. ಅಪ್ಪ ಅಮ್ಮನೂ ಬನ್ನಿ ಎಂದು ಅವಳೇ ಕರೆದಳು. ಇಪ್ಪತ್ತು ವರ್ಷದ ಮಗಳು ತಾನಾಗಿ ಕರೆಯುವುದು ಇನ್ನೆಷ್ಟು ಸಲವೋ ಎಂದು ನನ್ನ ಹೆಂಡತಿ ಶೈಲಜಾ ಹೇಳಿದ ಮೇಲೆ ಅಂಗಡಿ ಮುಚ್ಚದೆ ಬೇರೆ ದಾರಿ ಇರಲಿಲ್ಲ.

ವಸ್ತಾರೆ

ಊರು ಬಿಟ್ಟು ಸರಿಯಾಗಿ ಗೇರ್ ಬದಲಾಯಿಸುವ ಮೊದಲೇ ವಸ್ತಾರೆಯ ಹತ್ತಿರ ಚೇತನಾ ಕಾರು ನಿಲ್ಲಿಸು ಎಂದಳು. ರಸ್ತೆ ಅಗಲ ಮಾಡುವಾಗ ಗುಡ್ಡ ಕೊರೆದ ಜಾಗ. ಅಲ್ಲಿ ಬಿದ್ದಿದ್ದ ಒಂದು ಚೂರನ್ನು ಎತ್ತಿ, ಸುತ್ತಿಗೆಯಿಂದ ಒಡೆದು, ಒಡೆದ ಮುಖವನ್ನು ನಾಲಿಗೆಯಿಂದ ನೆಕ್ಕಿದಳು. ಒದ್ದೆಯಾದರೆ ಬಣ್ಣ ಸರಿಯಾಗಿ ಕಾಣುತ್ತದಂತೆ. ಶೈಲಜಾ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ಪಕ್ಕದ ಟೀ ಅಂಗಡಿಯ ಹಿರಿಯರು ಇದನ್ನೆಲ್ಲ ನೋಡುತ್ತ ನಿಂತಿದ್ದರು. ಒಂದು ಲೋಟ ನೀರು ತಂದು ಅವಳ ಮುಂದೆ ಹಿಡಿದರು.

"ನೀರು ತಗಳಮ್ಮ. ಕಲ್ಲು ಎಂತಕ್ಕೆ ನೆಕ್ತೀಯ? ಬಾಯಾರಿದ್ರೆ ಕೇಳೋದಲ್ವಾ?"

ಚೇತನಾ ನಗುತ್ತ ಲೋಟ ತೆಗೆದುಕೊಂಡು ನೀರನ್ನು ಕಲ್ಲಿನ ಮೇಲೆ ಸುರಿದಳು. ಕಪ್ಪು ಬಿಳಿ ಗೆರೆಗಳು ಎದ್ದು ಬಂದವು. "ನೈಸ್" ಎಂದಳು. ನಾನು ಬೆರಳಾಡಿಸಿ ನೋಡಿ, ಎಲ್ಲಿ ನೈಸು, ತರಿತರಿಯಾಗಿದೆಯಲ್ಲ ಎಂದೆ. ನೈಸ್ ಎನ್ನುವುದು ಆ ಕಲ್ಲಿನ ಹೆಸರಂತೆ. ಮುನ್ನೂರು ಕೋಟಿ ವರ್ಷದ ಆಚೀಚೆ ಅದರ ವಯಸ್ಸಂತೆ. ಟೀ ಅಂಗಡಿಯವರು ಅದನ್ನು ಕೇಳಿ, ಒಲೆಯ ಕೆಳಗೆ ಆನಿಕೆಯಾಗಿ ಇಟ್ಟಿದ್ದ ಕಲ್ಲನ್ನು ಒಮ್ಮೆ ಬಗ್ಗಿ ನೋಡಿದರು. ಅದೂ ಅದೇ ಜಾತಿಯದು.

ಬಣಕಲ್

ರಾತ್ರಿ ತಂಗಲು ನಮಗಿದ್ದ ಆಸರೆ ಶೈಲಜಾಳ ಅಣ್ಣ ನಂಜಪ್ಪನವರ ಮನೆ. ಅವರು ಬಣಕಲ್ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತು ವರ್ಷದಿಂದ ರೈಟರ್. ಆಳುಗಳ ಹಾಜರಿಯಿಂದ ಹಿಡಿದು ಕೊನೆಯ ಮೂಟೆ ಲಾರಿ ಹತ್ತುವ ತನಕ ಎಲ್ಲಕ್ಕೂ ಅವರೇ ಜವಾಬ್ದಾರರು. ಅವರು ನನ್ನನ್ನು ಭಾವ ಎನ್ನುತ್ತಾರೆ, ನಾನೂ ಅವರನ್ನು ಭಾವ ಎನ್ನುತ್ತೇನೆ. ನಾವಿಬ್ಬರೂ ಇದ್ದ ಕಡೆ ಯಾರಾದರೂ ಕಾಫಿಗೆ ಬನ್ನಿ ಭಾವ ಎಂದು ಕೂಗಿದರೆ ಎರಡು ಲೋಟ ಕಾಫಿ ಮಾಡಬೇಕಾಗುತ್ತದೆ.

ನಾವು ಹೋದಾಗ ಭಾವ ಕಣದಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದರು. ಕಣವೆಂದರೆ ತೊಳೆದ ಕಾಫಿಯನ್ನು ಬಿಸಿಲಿಗೆ ಹರಡುವ ಅಂಗಳ. ಆ ಒಣಗಿದ, ಇನ್ನೂ ತೆಳು ಸಿಪ್ಪೆ ಬಿಡದ ಬೀಜಕ್ಕೆ ಪಾರ್ಚ್‌ಮೆಂಟ್ ಎನ್ನುತ್ತಾರೆ. ಭಾವ ಅದರ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಪಾದ ಎಳೆಯುತ್ತ ನಡೆದು, ನಡುವೆ ಎಲ್ಲೋ ನಿಂತು, ಬಗ್ಗಿ ಏನನ್ನೋ ಹೆಕ್ಕಿ ಜೇಬಿಗೆ ಹಾಕಿಕೊಂಡರು. ದಿನಾ ಹೀಗೆ ನಡೆಯುತ್ತಾರಂತೆ. ಕಣ್ಣಿಗೆ ತಪ್ಪಿದ ಕಲ್ಲು ಕಾಲಿಗೆ ತಪ್ಪುವುದಿಲ್ಲ ಎಂಬುದು ಅವರ ನಂಬಿಕೆ.

ಒಳಗೆ ಹೋಗಿ ಕಿಟಕಿಯ ಮೇಲಿದ್ದ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಆ ಚೂರನ್ನು ಹಾಕಿದರು. ಡಬ್ಬಿ ಮುಕ್ಕಾಲು ತುಂಬಿತ್ತು. ಮೂವತ್ತು ವರ್ಷ ಕಣದಲ್ಲಿ ಸಿಕ್ಕ ಕಲ್ಲುಗಳು. ಚೇತನಾ ಅದನ್ನೆಲ್ಲ ಪೇಪರಿನ ಮೇಲೆ ಸುರಿದುಕೊಂಡು, ಇದು ಬೆಣಚು, ಇದು ನೈಸ್, ಇದು ಜಂಬಿಟ್ಟಿಗೆ ಎಂದು ಗುಡ್ಡೆ ಮಾಡುತ್ತಿದ್ದರೆ ಭಾವ ಮಂಚದ ತುದಿಯಲ್ಲಿ ಕೂತು ನೋಡಿದರು. ಇಷ್ಟು ವರ್ಷ ತಮ್ಮನ್ನು ಕಾಡಿದವರ ಹೆಸರು ಈಗ ಗೊತ್ತಾಯಿತು ಎಂಬಂತಿತ್ತು ಅವರ ಮುಖ.

"ಅಷ್ಟೊಂದು ಹುಡುಕೋದು ಯಾಕೆ ಮಾವ? ಮೂಟೆಗೆ ಒಂದು ಕಲ್ಲು ಹೋದ್ರೆ ಏನಾಗುತ್ತೆ?" ಎಂದು ಅವಳು ಕೇಳಿದಳು.

"ಪುಟ್ಟಿ, ಚಿಕ್ಕಮಗಳೂರಲ್ಲಿ ಬೀಜದ ಸಿಪ್ಪೆ ತೆಗೆಯೋ ಕ್ಯೂರಿಂಗ್‌ನಲ್ಲಿ ಮೂಟೆ ಬಿಚ್ಚಿದಾಗ ಕಲ್ಲು ಸಿಕ್ಕಿದ್ರೆ ಈ ಸಲ ಮಳೆ ಹೆಂಗಿತ್ತು ಅಂತ ಯಾರೂ ಕೇಳೋದಿಲ್ಲ. ರೈಟರ್ ಯಾರು ಅಂತ ಕೇಳ್ತಾರೆ. ತೂಕಕ್ಕೆ ಕಲ್ಲು ಹಾಕ್ದ ಅಂತ ಒಂದು ಸಲ ಬಾಯಿಗೆ ಬಿತ್ತು ಅಂದ್ರೆ ಮುಗೀತು. ಆಚೆ ತೋಟದಲ್ಲಿ ಒಬ್ರು ಇದ್ರು, ಪಾಪ. ಅವರು ಹಾಕಿದ್ರೋ ಇಲ್ವೋ ದೇವರಿಗೇ ಗೊತ್ತು. ಅವರು ಹೋಗಿ ಎಷ್ಟೋ ವರ್ಷ ಆಯ್ತು. ಇವತ್ತಿಗೂ ಅವರ ಮಗನಿಗೆ ಕಲ್ಲು ರೈಟರ್ ಮಗ ಅಂತಾರೆ."

ಭಾವ ಡಬ್ಬಿಯ ಮುಚ್ಚಳ ಹಾಕಿ ಕಿಟಕಿಯ ಮೇಲೆ ಮತ್ತೆ ಇಟ್ಟರು. ನಾವು ಊಟಕ್ಕೆ ಎದ್ದೆವು.

ಕಳಸ

ಮರುದಿನ ಬೆಳಿಗ್ಗೆ ನಾವು ಮೂವರೂ ಕಳಸಕ್ಕೆ ಹೊರಟೆವು. ದಾರಿಯುದ್ದಕ್ಕೂ ತೋಟ, ತಿರುವು, ಮತ್ತೆ ತೋಟ. ಪೇಟೆಯಲ್ಲಿ ಎದುರು ಬಂದವರು ಹಾರ್ನ್ ಮಾಡಿ ಬೈಯುತ್ತಾರೆ. ಇಲ್ಲಿ ಜೀಪಿನವರು ನಿಲ್ಲಿಸಿ, ಎಂತ ಗಾಡಿ ಕೆಟ್ಟಿದ್ಯಾ ಎಂದು ಕೇಳುತ್ತಾರೆ. ಮೂವರು ಕೇಳಿದ ಮೇಲೆ, ಗಾಡಿ ಕೆಟ್ಟಿಲ್ಲ, ನಾನು ಓಡಿಸುವುದೇ ಹೀಗೆ ಎಂದು ಹೇಳಿಬಿಟ್ಟೆ.

ಕಳಸದ ಸ್ವಲ್ಪ ಮೊದಲು, ರಸ್ತೆ ಬದಿಯ ಚರಂಡಿಯಲ್ಲಿ ಚೇತನಾಳಿಗೆ ಬೇಕಾದದ್ದು ಸಿಕ್ಕಿತು. ಕಪ್ಪು ಪಟ್ಟೆ, ಕೆಂಪು ಪಟ್ಟೆ, ಮತ್ತೆ ಕಪ್ಪು. ದಾವಣಿಯ ಅಂಚಿನಷ್ಟು ಅಚ್ಚುಕಟ್ಟು. ಅವಳು ದಾರ ಕಟ್ಟಿದ ಒಂದು ಅಯಸ್ಕಾಂತವನ್ನು ಅದರ ಹತ್ತಿರ ತೂಗಿಬಿಟ್ಟಳು. ಅಯಸ್ಕಾಂತ ಓಲಾಡಿ ಕಲ್ಲಿಗೆ ಹೋಗಿ ಕಚ್ಚಿಕೊಂಡಿತು. ಕಬ್ಬಿಣದ ಕಲ್ಲು.

"ಅಪ್ಪ, ಇದು ಸಮುದ್ರದ ತಳದಲ್ಲಿ ಒಂದೊಂದೇ ಪದರವಾಗಿ ಕೂತಿದ್ದು. ಆಗ ಮೀನಿಲ್ಲ, ಹುಲ್ಲಿಲ್ಲ, ಉಸಿರಾಡೋಕೆ ಸರಿಯಾದ ಗಾಳಿಯೂ ಇಲ್ಲ. ನೀನು ಈಗ ನಿಂತಿರೋದು ಆ ಸಮುದ್ರದಲ್ಲಿ" ಎಂದಳು.

ನಾನು ನಿಂತಿದ್ದು ಚರಂಡಿಯಲ್ಲಿ. ಆದರೂ ಒಂದು ಗಳಿಗೆ ಮೈ ಜುಮ್ಮೆಂದಿತು. ಜನ ವಿಮಾನ ಹತ್ತಿ ಎಲ್ಲೆಲ್ಲಿಗೋ ಹೋಗುತ್ತಾರೆ. ಇಷ್ಟು ದೂರ ಯಾರೂ ಹೋಗಿರಲಿಕ್ಕಿಲ್ಲ ಎನ್ನಿಸಿ, ನನ್ನ ಮಗಳ ಮೇಲೆ ತುಂಬ ಹೆಮ್ಮೆಯಾಯಿತು.

ತೋಟದ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸೊಬ್ಬರು ನಿಂತು, ಚಿನ್ನ ಸಿಕ್ತಾ ಎಂದು ಕೇಳಿದರು. ಇಲ್ಲ, ಬರೀ ಕಲ್ಲು ಎಂದಳು ಶೈಲಜಾ. ಆಕೆ ಆ ಕಲ್ಲನ್ನು ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಉಜ್ಜಿ ನೋಡಿ, "ಕತ್ತಿ ಮಸೆಯಕ್ಕೂ ಆಗಲ್ಲ ಇದು, ಜಾರ್ತದೆ. ಆ ಕಡೆ ಮೋರಿ ಹತ್ರ ಒಳ್ಳೇದುಂಟು" ಎಂದು ದಾರಿ ತೋರಿಸಿ ಹೋದರು. ಚೇತನಾ ಮೋರಿಯ ಹತ್ತಿರವೂ ಹೋಗಿ ಒಂದನ್ನು ತಂದಳು. ದೇವಸ್ಥಾನದಲ್ಲಿ ಕೈಮುಗಿದು, ಊಟ ಮಾಡಿ ಹಿಂತಿರುಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ಹದಿನೈದು ಕಲ್ಲುಗಳು, ಅವುಗಳ ನಡುವೆ ಶೈಲಜಾ. ಪ್ರತಿ ಕಲ್ಲಿಗೂ ಚೇತನಾ ಬಿಳಿ ಬಣ್ಣದಲ್ಲಿ ನಂಬರು ಬರೆದಿದ್ದಳು. ಆ ಪಟ್ಟೆಯ ಕಲ್ಲು ಏಳನೆಯದು.

ಬಣಕಲ್, ಸಂಜೆ

ಕಲ್ಲುಗಳನ್ನು ಹಾಕಿಕೊಳ್ಳಲು ಭಾವ ಎಸ್ಟೇಟಿನ ಒಂದು ಗೋಣಿಚೀಲ ಕೊಟ್ಟರು. ಮೇಲೆ ಎಸ್ಟೇಟಿನ ಮುದ್ರೆ ಇತ್ತು. ಚೇತನಾ ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ ಒಳಗಿಟ್ಟಳು. ಹೊರಗೆ ಇಬ್ಬನಿ ಬೀಳುತ್ತದೆ, ಗೋಡೌನಿನ ಬಾಗಿಲ ಹತ್ತಿರ ಇಡಿ ಎಂದು ಹೇಳಿ ಭಾವ ಸ್ನಾನಕ್ಕೆ ಹೋದರು. ಆಗ ಚೀಲದ ಬಾಯಿ ತೆರೆದಿತ್ತು. ಪೇಪರು ಹೊರಗೆ ಇಣುಕುತ್ತಿತ್ತು. ಯಾರು ನೋಡಿದರೂ ಅದು ಕಾಫಿಯಲ್ಲ ಎಂದು ಗೊತ್ತಾಗುತ್ತಿತ್ತು. ಮುಂದಿನದೆಲ್ಲ ನನ್ನ ತಪ್ಪು.

ನಾನು ಮೂಟೆಯ ವ್ಯಾಪಾರಿ. ಬಾಯಿ ತೆರೆದ ಚೀಲ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕಲ್ಲು ಕಲ್ಲಿಗೆ ತಿಕ್ಕಿ ಮಗಳ ನಂಬರು ಅಳಿಸಿಹೋದೀತು ಎಂದು ನೆಪ ಬೇರೆ ಸಿಕ್ಕಿತು. ಕಣ ಗುಡಿಸಿ ಮೂಲೆಗೆ ತಳ್ಳಿದ್ದ ಒಡಕು ಬೀಜ, ಸಿಪ್ಪೆಯನ್ನು ಮೊರದಲ್ಲಿ ತಂದು ಸುತ್ತಲೂ ತುಂಬಿದೆ. ಗೋಡೆಗೆ ಸಿಕ್ಕಿಸಿದ್ದ ದಬ್ಬಳ ಮತ್ತು ಸೆಣಬಿನ ಹುರಿ ತೆಗೆದುಕೊಂಡು, ಪಕ್ಕದ ಮೂಟೆಗಳನ್ನು ನೋಡಿ ಅದೇ ಅಂತರದಲ್ಲಿ ಹೊಲಿಗೆ ಹಾಕಿದೆ. ಹಿಡಿದು ಎತ್ತಲು ಎರಡು ಮೂಲೆಯಲ್ಲೂ ಕಿವಿ ಬಿಟ್ಟೆ. ಕೊನೆಗೆ ನಮ್ಮಪ್ಪ ಕಲಿಸಿಕೊಟ್ಟ ಗಂಟು ಹಾಕಿದೆ. ಹುರಿಯನ್ನು ಹಿಂದಕ್ಕೆ ಮಡಿಸಿ ತನ್ನ ಅಡಿಯಲ್ಲೇ ಸಿಗಿಸುವ ಗಂಟು ಅದು. ಒಂದು ತುದಿ ಎಳೆದರೆ ಪೂರ್ತಿ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಬಹಳ ಚೆನ್ನಾಗಿತ್ತು.

ಕೊಟ್ಟಿಗೆಹಾರ

ಭಾನುವಾರ ಬೆಳಿಗ್ಗೆ ಲಾರಿ ಬರುವುದಿತ್ತು. ಮೂಟೆ ಹೇರುವಾಗ ಭಾವ ಒಂದು ದಿನವೂ ಜಾಗ ಬಿಟ್ಟು ಕದಲಿದವರಲ್ಲ. ಅವತ್ತು ಕದಲಿಸಿದವನು ನಾನು. ಕೊಟ್ಟಿಗೆಹಾರಕ್ಕೆ ಬಂದು ನೀರುದೋಸೆ ತಿನ್ನದೆ ಹೋಗುವುದೇ, ನೀವು ಬರದಿದ್ದರೆ ನಾವೂ ಹೋಗುವುದಿಲ್ಲ ಎಂದು ಹಟ ಹಿಡಿದೆ. ತಂಗಿಯ ಗಂಡ, ಅಪರೂಪಕ್ಕೆ ಬಂದವನು. ಭಾವ ಆಳುಗಳ ಮೇಸ್ತ್ರಿಗೆ ಚೀಟಿಯಲ್ಲಿ ಲೆಕ್ಕ ಬರೆದುಕೊಟ್ಟು, ಎಣಿಸಿ ಹಾಕ್ಸು ಮಾರಾಯ ಎಂದು ಎರಡು ಸಲ ಹೇಳಿ ಕಾರು ಹತ್ತಿದರು.

ಹೋಟೆಲಿನಲ್ಲಿ ದೋಸೆ ಒಂದೊಂದಾಗಿ ಬರುತ್ತಿತ್ತು. ನಮ್ಮೂರಿನಲ್ಲಿ ಮೇಜಿನ ಪಕ್ಕ ನಿಂತು ಯಾವಾಗ ಏಳುತ್ತೀರಿ ಎಂಬಂತೆ ನೋಡುತ್ತಾರೆ. ಇಲ್ಲಿ ಇನ್ನೊಂದು ಹಾಕಲಾ ಎಂದು ಕೇಳದೆಯೇ ಹಾಕಿ ಹೋಗುತ್ತಾರೆ. ನಾನು ಎಷ್ಟು ತಿಂದೆ ಎಂದು ಇಲ್ಲಿ ಬರೆಯುವುದಿಲ್ಲ. ಭಾವ ಎರಡು ತಿಂದು, ಗಡಿಯಾರ ನೋಡಿಕೊಳ್ಳುತ್ತ ಕೂತಿದ್ದರು.

ತಿರುಗಿ ಬಂದಾಗ ಲಾರಿ ಹೊರಟುಹೋಗಿತ್ತು. ಚೇತನಾ ತನ್ನ ಚೀಲ ತರಲು ಗೋಡೌನಿಗೆ ಹೋದಳು. ಬಾಗಿಲ ಹತ್ತಿರ ಚೀಲವಿರಲಿಲ್ಲ. ಒಳಗಿನ ಮೂಲೆಯಲ್ಲಿ ಒಂದೇ ಒಂದು ಮೂಟೆ ಉಳಿದಿತ್ತು.

"ಇದು ಎಂತಕ್ಕೆ ಉಳೀತು?" ಎಂದು ಭಾವ ಕೇಳಿದರು.

"ಚೀಟಿ ಲೆಕ್ಕಕ್ಕೆ ಸರಿ ಆಯ್ತಲ್ಲ ಸಾರ್. ಬಾಗ್ಲಿಂದ ಎಣಿಸ್ಕೊಂಡು ಬಂದ್ವಿ. ಇದೊಂದು ಹೆಚ್ಚಿಗೆ ಅಂತ ಬಿಟ್ವಿ" ಎಂದರು ಮೇಸ್ತ್ರಿ.

ಭಾವನಿಗೆ ನನಗಿಂತ ಮೊದಲು ಅರ್ಥವಾಯಿತು. ನನ್ನ ಕಡೆ ತಿರುಗಿದರು.

"ಭಾವ, ಆ ಚೀಲದ ಬಾಯಿ ಹೊಲಿದ್ರಾ?"

"ಹೊಲಿದೆ."

"ಕಿವಿ ಬಿಟ್ಟು?"

"ಬಿಟ್ಟೆ."

"ಒಳಗೆ ಕಲ್ಲು ಮಾತ್ರನಾ?"

"ಸುತ್ತ ಕಣದ ಕಸ ತುಂಬಿದೆ ಭಾವ."

ಅವರು ಗೋಡೌನಿನ ಹೊಸ್ತಿಲ ಮೇಲೆ ಕೂತುಬಿಟ್ಟರು. ಎಸ್ಟೇಟಿನ ಮುದ್ರೆಯ ಚೀಲ, ಎಸ್ಟೇಟಿನ ಹುರಿ, ಮೇಲೆ ಕಾಫಿಯ ಕಸ, ನಡುವೆ ಕಲ್ಲು. ಒಬ್ಬ ರೈಟರ್ ಮೋಸ ಮಾಡಬೇಕೆಂದು ಹೊರಟರೆ ಮಾಡುವುದು ಸರಿಯಾಗಿ ಹೀಗೆಯೇ.

ಡ್ರೈವರನಿಗೆ ಫೋನು ಮಾಡಿದರೆ ರಿಂಗಾಗುತ್ತಿತ್ತು, ಎತ್ತಲಿಲ್ಲ. ಕ್ಯೂರಿಂಗಿನವರಿಗೆ ಹೇಳಿಬಿಡಿ ಮಾವ ಎಂದಳು ಚೇತನಾ. ಭಾವ ತಲೆಯಾಡಿಸಿದರು. "ನಮ್ಮ ಮೂಟೇಲಿ ಕಲ್ಲುಂಟು ಅಂತ ನಾನೇ ಫೋನ್ ಮಾಡಿ ಹೇಳ್ಲಾ ಪುಟ್ಟಿ?"

ನಮ್ಮಲ್ಲಿ ಬುದ್ಧಿ ಓಡಿದ್ದು ಶೈಲಜಾಳಿಗೆ. "ಅಣ್ಣ, ಏಳು. ಆ ಉಳಿದ ಮೂಟೆ ಡಿಕ್ಕಿಗೆ ಹಾಕ್ಸು. ಲಾರಿ ಘಟ್ಟದ ರಸ್ತೇಲಿ ಎಷ್ಟು ಓಡೀತು" ಎಂದಳು.

ವಸ್ತಾರೆ, ಎರಡನೇ ಸಲ

ನಾನು ಕಾರು ಓಡಿಸಿದೆ. ಮೂಡಿಗೆರೆ ದಾಟಿ ಒಂದು ಬಸ್ಸಿನ ಹಿಂದೆ ಸಿಕ್ಕಿಕೊಂಡಾಗ ಶೈಲಜಾ, "ರೀ, ಒಂದಿನ ಆದ್ರೂ ಒತ್ತಿ ಓಡ್ಸಿ" ಎಂದಳು. ಒತ್ತಿದೆ. ಪಕ್ಕದಲ್ಲಿ ಕೂತ ಭಾವನ ಕಾಲು ನೋಡಿದೆ. ಚಪ್ಪಲಿ ಇರಲಿಲ್ಲ. ಗೋಡೌನಿನ ಹೊಸ್ತಿಲಲ್ಲಿ ಬಿಟ್ಟದ್ದನ್ನು ಹಾಕಿಕೊಳ್ಳುವುದನ್ನೇ ಮರೆತು ಬಂದಿದ್ದರು. ಆ ಬರಿಗಾಲು ನೋಡಿ ನನಗೆ ಅಳು ಬರುವಂತಾಯಿತು. ಮೂವತ್ತು ವರ್ಷ ಕಣದಲ್ಲಿ ತುಳಿದು ತುಳಿದು ಹೆಕ್ಕಿದವರ ಮೂಟೆಗೆ ಒಂದೇ ಸಂಜೆಯಲ್ಲಿ ಹದಿನೈದು ಕಲ್ಲು ಹಾಕಿದ್ದೆ, ಅದೂ ಚೆಂದದ ಹೊಲಿಗೆ ಹಾಕಿ.

ಆಲ್ದೂರಿನಲ್ಲಿ ಲಾರಿ ಕಾಣಲಿಲ್ಲ. ಇನ್ನು ಚಿಕ್ಕಮಗಳೂರೇ ಎಂದುಕೊಂಡು ವಸ್ತಾರೆಯ ತಿರುವು ತಿರುಗಿದರೆ, ಮೊನ್ನೆಯ ಅದೇ ಟೀ ಅಂಗಡಿಯ ಮುಂದೆ ಲಾರಿ ನಿಂತಿತ್ತು. ಡ್ರೈವರ್ ಬೆಂಚಿನ ಮೇಲೆ ಕೂತು ಬನ್ನು ಅದ್ದಿಕೊಳ್ಳುತ್ತಿದ್ದ. ಅವನ ಫೋನು ಲಾರಿಯೊಳಗೆ ಹಾಡುತ್ತಿತ್ತು. ಆ ಬನ್ನಿಗೆ, ಆ ಅಂಗಡಿಗೆ, ಅಲ್ಲೇ ಕೈಮುಗಿಯಬೇಕು ಎನ್ನಿಸಿತು.

ಆದರೆ ಕಷ್ಟ ಮುಗಿದಿರಲಿಲ್ಲ. ಬಾಗಿಲ ಹತ್ತಿರವಿದ್ದ ಚೀಲ ಮೊದಲು ಹೋಗಿರುತ್ತದೆ, ಎಂದರೆ ಎಲ್ಲಕ್ಕಿಂತ ಮುಂದೆ, ಎಲ್ಲಕ್ಕಿಂತ ಕೆಳಗೆ. ಭಾವ ಡ್ರೈವರನ ಹತ್ತಿರ ಹೋಗಿ, ಒಂದು ಮೂಟೆ ಬದಲಾಗಿದೆ, ಹಗ್ಗ ಬಿಚ್ಚಬೇಕು ಎಂದರು. ಲಾರಿಯ ಜೊತೆ ಬಂದಿದ್ದ ಇಬ್ಬರು ಹಮಾಲರು ಗೊಣಗುತ್ತ ಟಾರ್ಪಾಲು ಸರಿಸಿದರು. ಪಂಚೆ ಎತ್ತಿ ಕಟ್ಟಿ ನಾನೂ ಹತ್ತಿದೆ. ಹರೆಯದಲ್ಲಿ ಮೂಟೆ ಹೊತ್ತ ಬೆನ್ನು ಇದು, ಅಷ್ಟೇನೂ ನಾಚಿಕೆಪಡಿಸಲಿಲ್ಲ. ಅಷ್ಟರಲ್ಲಿ ನಾಲ್ಕಾರು ಜನ ಸೇರಿದರು.

"ಎಂತ ನಂಜಪ್ಪನೋರೆ, ನಡುರಸ್ತೇಲಿ ಇಳಿಸ್ತಾ ಇದ್ದೀರಿ? ಮೂಟೇಲಿ ಎಂತಾದ್ರೂ ಉಂಟಾ?" ಎಂದು ಯಾರೋ ಕೇಳಿದರು.

ಭಾವ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಅವರು ಬಾಯಿ ತೆರೆಯುವ ಮೊದಲೇ ಟೀ ಅಂಗಡಿಯ ಹಿರಿಯರು ಚೇತನಾಳನ್ನು ಗುರುತು ಹಿಡಿದು, ಕೈ ತೋರಿಸಿ ಗಟ್ಟಿಯಾಗಿ ಹೇಳಿದರು. "ಅಯ್ಯೋ, ಇದು ಕಲ್ಲು ನೆಕ್ಕೋ ಹುಡುಗಿ ಅಲ್ವಾ. ಮೊನ್ನೆ ಇಲ್ಲೇ ಒಡೀತಾ ಇತ್ತು. ಕಾಲೇಜಿಂದು."

"ಹೌದು ಅಜ್ಜ, ನನ್ನ ಕಾಲೇಜಿನ ಕಲ್ಲಿನ ಚೀಲ ಈ ಲಾರಿಗೆ ಬಂದ್ಬಿಟ್ಟಿದೆ" ಎಂದಳು ಚೇತನಾ, ಅಷ್ಟೇ ಗಟ್ಟಿಯಾಗಿ.

ಜನ ನಕ್ಕರು. ಅಷ್ಟೇ. ಯಾರ ಮುಖದಲ್ಲೂ ಅನುಮಾನವಿರಲಿಲ್ಲ. ಮೊನ್ನೆ ಶೈಲಜಾ ಸೆರಗು ಮುಚ್ಚಿಕೊಂಡು ನಾಚಿದ ಆ ನೆಕ್ಕುವಿಕೆಯೇ ಇವತ್ತು ಭಾವನ ಪರವಾಗಿ ಸಾಕ್ಷಿ ನುಡಿದಿತ್ತು.

ಕೆಳಗಿನ ಸಾಲು ಕಾಣುವಷ್ಟು ಮೂಟೆ ಇಳಿಸಿದ ಮೇಲೆ ಎಲ್ಲರೂ ನಿಂತರು. ಎಲ್ಲವೂ ಒಂದೇ ಥರ. ಅದೇ ಮುದ್ರೆ, ಅದೇ ಅಂತರ, ಅದೇ ಕಿವಿ. ಅಷ್ಟು ಚೆನ್ನಾಗಿ ಹೊಲಿದಿದ್ದೆ. ನಾನು ಮಂಡಿಯೂರಿ ಒಂದೊಂದು ಹೊಲಿಗೆಯ ತುದಿಯನ್ನೂ ಬೆರಳಲ್ಲಿ ಮುಟ್ಟುತ್ತ ಹೋದೆ. ತಿರುಚಿ ಬಿಟ್ಟ ಹುರಿ, ತಿರುಚಿ ಬಿಟ್ಟ ಹುರಿ. ಕ್ಯಾಬಿನ್ನಿನ ಬೆನ್ನಿಗಿದ್ದ ಮೂಲೆಯ ಮೂಟೆಯಲ್ಲಿ ಹುರಿ ಹಿಂದಕ್ಕೆ ಮಡಿಸಿ ತನ್ನ ಅಡಿಯಲ್ಲೇ ಸೇರಿಕೊಂಡಿತ್ತು. ನಮ್ಮಪ್ಪನ ಗಂಟು. ತುದಿ ಎಳೆದೆ, ಹೊಲಿಗೆ ಸರ್ರನೆ ಬಿಚ್ಚಿಕೊಂಡಿತು. ಒಳಗೆ ಕೈ ಹಾಕಿದರೆ ಪೇಪರು ಸಿಕ್ಕಿತು.

"ಸಿಕ್ತು ಭಾವ" ಎಂದೆ.

ಡಿಕ್ಕಿಯಲ್ಲಿದ್ದ ಮೂಟೆ ಲಾರಿ ಹತ್ತಿತು, ಕಲ್ಲಿನ ಚೀಲ ಡಿಕ್ಕಿಗೆ ಬಂತು. ಹಗ್ಗ ಬಿಗಿದು ಲಾರಿ ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವ ತನಕ ಭಾವ ನೋಡುತ್ತ ನಿಂತು, ಆಮೇಲೆ ಬೆಂಚಿನ ಮೇಲೆ ಕೂತು ದೊಡ್ಡದಾಗಿ ಉಸಿರು ಬಿಟ್ಟರು. ನಾನು ಪಕ್ಕದಲ್ಲಿ ಕೂತೆ. ತಪ್ಪಾಯ್ತು ಭಾವ ಎಂದೆ. ಅವರು ನನ್ನ ತೊಡೆಯ ಮೇಲೆ ಎರಡು ಸಲ ತಟ್ಟಿದರು. ಟೀ ಅಂಗಡಿಯವರು ಕೇಳದೆಯೇ ನಾಲ್ಕು ಲೋಟ ಟೀ ತಂದಿಟ್ಟು, ಚೇತನಾಳ ಮುಂದೆ ಮಾತ್ರ ಒಂದು ಲೋಟ ನೀರನ್ನೂ ಇಟ್ಟರು.

ಟೀ ಅರ್ಧ ಕುಡಿದ ಮೇಲೆ ಭಾವ ಎದ್ದು ಹೋಗಿ ಚೀಲದೊಳಗಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದರು. ಕಪ್ಪು ಕೆಂಪು ಪಟ್ಟೆಯ ಕಲ್ಲು.

"ಇದಕ್ಕೆ ವಯಸ್ಸೆಷ್ಟು ಪುಟ್ಟಿ?"

"ಇನ್ನೂರೈವತ್ತು ಕೋಟಿ ವರ್ಷದ ಮೇಲೇ ಮಾವ."

"ನೋಡು. ಅಷ್ಟು ವರ್ಷ ಯಾರಿಗೂ ಎಂತದೂ ಮಾಡ್ದೆ ಸುಮ್ನೆ ಇತ್ತು. ನಿಮ್ಮಪ್ಪನ ಕೈಗೆ ಸಿಕ್ಕಿ ಒಂದೇ ದಿನಕ್ಕೆ ನನ್ನ ಮರ್ಯಾದೆ ತೆಗೆಯಕ್ಕೆ ಹೊರಟಿತ್ತು."

ಹೇಳಿ ಮುಗಿಸುವ ಮೊದಲೇ ಅವರಿಗೆ ನಗು ಬಂತು. ಶೈಲಜಾ ನಕ್ಕಳು, ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನಾನೂ ನಕ್ಕೆ. ಬೆಳಿಗ್ಗೆಯಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದು ಹೋಯಿತು. ಭಾವ ಆ ಕಲ್ಲನ್ನು ಒಮ್ಮೆ ತಿರುಗಿಸಿ ನೋಡಿ, ಕಣದಲ್ಲಿ ಮಾಡುವ ಹಾಗೆಯೇ ಜೇಬಿಗೆ ಹಾಕಿಕೊಂಡರು.

"ಮಾವ, ಅದು ನನ್ನ ಏಳನೇ ನಂಬರು" ಎಂದಳು ಚೇತನಾ.

"ಇರ್ಲಿ ಪುಟ್ಟಿ. ಕಾಫೀಲಿ ಸಿಕ್ಕಿದ ಕಲ್ಲು ರೈಟರಿಗೆ ಸೇರಿದ್ದು."

ಚೇತನಾಳ ವರದಿ ಈಗ ಕಾಲೇಜಿಗೆ ಹೋಗಿದೆ. ಅದರಲ್ಲಿ ಏಳನೆಯ ಕಲ್ಲಿನ ಬಣ್ಣ, ಪದರ, ವಯಸ್ಸು ಎಲ್ಲ ವಿವರವಾಗಿದೆ. ಕಲ್ಲು ಎಲ್ಲಿದೆ ಎಂಬ ಕಾಲಂನಲ್ಲಿ, ಬಣಕಲ್, ಬಿಸ್ಕತ್ತಿನ ಡಬ್ಬಿ ಎಂದು ಬರೆದಿದ್ದಾಳೆ.